ಗೋಂದಕ್ಕ ಹೊಲಿದ ಅಭ್ರಕ

ಸೂಪರ್‌ಹೀರೋಗಳ ಹೆಗಲಿನಿಂದ ಇಳಿಬಿದ್ದು ಪಟಪಟ ಹಾರಾಡುವ ಆ ಬಟ್ಟೆ ಇದೆಯಲ್ಲ, ಅದನ್ನು ಕಂಡರೆ ಗೋಂದಕ್ಕನಿಗೆ ಮೈ ಉರಿಯುತ್ತದೆ. “ಒಂದೇ ಒಂದು ದಿನ ನನ್ನ ಕಟಿಂಗ್ ಮಷೀನಿನ ಹತ್ರ ಬರ್ಲಿ ಅವನು. ಆ ಬಟ್ಟೆ ಬ್ಲೇಡಿಗೆ ಸಿಕ್ಕೊಂಡಾಗ ಗೊತ್ತಾಗುತ್ತೆ, ಲೋಕ ಕಾಪಾಡೋದು ಹೇಗೆ ಅಂತ” ಎನ್ನುತ್ತಾಳೆ. ಇದು ಬರೀ ಕುಶಾಲಿನ ಮಾತಲ್ಲ. ತೋಳನ್ನು ಮೊಣಕೈವರೆಗೆ ಮಡಚದೆ ಆ ಮಷೀನಿನ ಹತ್ತಿರ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸುಳಿಯದ ಹೆಂಗಸು ಆಕೆ. ಕೆಲಸಕ್ಕೆ ಬರುವವರು ಕೆಲಸಕ್ಕೆ ತಕ್ಕ ಬಟ್ಟೆ ಹಾಕಿಕೊಂಡು ಬರಬೇಕು, ಹಾರುವ ಶಕ್ತಿ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ ಎಂಬುದು ಆಕೆಯ ಖಡಾಖಂಡಿತ ಅಭಿಪ್ರಾಯ.

ಆಕೆ ಊರಿನ ಸಾರ್ವಜನಿಕ ಗ್ರಂಥಾಲಯದ ಬೈಂಡರು. ಕಪಾಟುಗಳ ಸಾಲೆಲ್ಲ ಮುಗಿದು, ಹಳೇ ಪತ್ರಿಕೆಗಳ ಕೋಣೆಯನ್ನೂ ದಾಟಿದ ಮೇಲೆ ಸಿಗುವ ಕೊನೆಯ ಬಾಗಿಲು ಆಕೆಯದು. ಒಳಗೆ ಉದ್ದನೆಯ ಮೇಜು, ಚಕ್ರ ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು, ಗೋಡೆಗೆ ಒತ್ತಿ ನಿಂತ ಕಟಿಂಗ್ ಮಷೀನು, ಕಿಟಕಿಯ ಕಟ್ಟೆಯ ಮೇಲೆ ಮೇಣ ತಿಕ್ಕಿದ ದಾರದ ಉಂಡೆಗಳು. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಕೈಯ ಗೋಂದಿನ ವಾಸನೆ ಹೋಗದ್ದಕ್ಕೆ ಜೊತೆಯವರು ಇಟ್ಟ ಹೆಸರು ಗೋಂದಕ್ಕ. ಹೆತ್ತವರು ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಬಿಡುವಿನ ಹೊತ್ತಿನಲ್ಲಿ ಮಿಕ್ಕವರು ರಾಜಕೀಯ ಮಾತಾಡಿದರೆ ಆಕೆ ಸೂಪರ್‌ಹೀರೋ ಮಾತಾಡುತ್ತಾಳೆ. ಅದೂ ಎಂಥ ಮಾತು! ಖಳನಾಯಕ ಹೀರೋನನ್ನು ಕಟ್ಟಿಹಾಕಿ ತನ್ನ ಯೋಜನೆಯನ್ನೆಲ್ಲ ಎಳೆ ಎಳೆಯಾಗಿ ವಿವರಿಸುತ್ತ ನಿಲ್ಲುವುದನ್ನು ಕಂಡು ಎಲ್ಲರೂ ನಗುತ್ತಾರೆ. ಆಕೆ ನಗುವುದಿಲ್ಲ. ವರ್ಷಗಟ್ಟಲೆ ಒಬ್ಬನೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವನಿಗೆ ಒಬ್ಬರಿಗಾದರೂ ತೋರಿಸಬೇಕು ಅನ್ನಿಸುವುದಿಲ್ಲವೇ, ನೀವೇ ಹೇಳಿ ಎನ್ನುತ್ತಾಳೆ. ಈಚಿನ ಸಿನಿಮಾದವರ ಮೇಲೆ ಆಕೆಗೆ ಕೆಂಡದಂಥ ಕೋಪ. “ಅಷ್ಟೊಂದು ದುಡ್ಡು ಸುರೀತಾರೆ, ಒಂದು ಲೈಟ್ ಹಾಕೋಕೆ ಏನು ರೋಗ? ಕತ್ತಲಲ್ಲಿ ಯಾರು ಯಾರಿಗೆ ಹೊಡೀತಿದಾರೆ ಅಂತ ಪಕ್ಕದ ಸೀಟಿನೋರನ್ನ ಕೇಳ್ಬೇಕು!” ಹೊಡೆದಾಟದಲ್ಲಿ ಅರ್ಧ ನಗರ ಉರುಳಿಸಿ ಹೀರೋ ಹಾರಿಹೋದ ಮೇಲೆ ಆ ಕಲ್ಲುಮಣ್ಣನ್ನು ಗುಡಿಸುವವರು ಯಾರು ಎಂದು ಇವತ್ತಿನವರೆಗೆ ಒಬ್ಬನೂ ತೋರಿಸಿಲ್ಲ. ಇನ್ನು ಹೈಹೀಲ್ಡ್ ಹಾಕಿಕೊಂಡು ಮಾಳಿಗೆಯಿಂದ ಮಾಳಿಗೆಗೆ ನೆಗೆಯುವ ನಾಯಕಿಯನ್ನು ನೋಡಿದರೆ ಆಕೆಗೆ ಕರುಳು ಚುರ್ ಎನ್ನುತ್ತದೆ. “ಯಾರಾದ್ರೂ ಆ ಹುಡುಗಿಗೆ ಒಂದು ಜೊತೆ ಕ್ಯಾನ್ವಾಸ್ ಶೂ ಕೊಡಿಸ್ರಪ್ಪ.”

ಎಲ್ಲಕ್ಕಿಂತ ಮೇಲು ಕಾಮಿಕ್ಸು ಎಂಬುದರಲ್ಲಿ ಆಕೆಗೆ ಎರಡು ಮಾತಿಲ್ಲ. ಸಿನಿಮಾ ನಿಮ್ಮ ಕಿವಿ ಹಿಡಿದು ಎಳೆದುಕೊಂಡು ಹೋಗುತ್ತದೆ, ಕಾಮಿಕ್ಸು ನೀವು ಹಾಳೆ ತಿರುಗಿಸುವವರೆಗೂ ಕಾಯುತ್ತದೆ. ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಬಿಳಿ ಜಾಗ ಇರುತ್ತದಲ್ಲ, ಅಲ್ಲಿ ನಡೆಯುವುದನ್ನು ಬರೆದವನೂ ಹೇಳುವುದಿಲ್ಲ, ಬಿಡಿಸಿದವನೂ ತೋರಿಸುವುದಿಲ್ಲ, ಓದುವವರೇ ಮಾಡಿಕೊಳ್ಳಬೇಕು. ಅದನ್ನು ಹೇಳುವಾಗ ಆಕೆಯ ಕಣ್ಣು ಅರಳಿ ಇಷ್ಟಗಲ ಆಗುತ್ತದೆ.

ಮನೆಯಲ್ಲಿ ಆಕೆಗೆ ಸರಿಜೋಡಿ ಅಂದರೆ ಅತ್ತೆ. ಎಂಬತ್ತೆರಡರ ಆ ಹಿರಿಯಾಕೆ ಟಿವಿಯಲ್ಲಿ ಕಾರ್ಟೂನು ಬಿಟ್ಟರೆ ಬೇರೇನೂ ನೋಡುವುದಿಲ್ಲ, ಅದರಲ್ಲೂ ಅವರದು ಖಳನಾಯಕನ ಪಕ್ಷ. “ನಿನ್ನ ಹೀರೋ ಏನ್ ಮಾಡ್ತಾನೆ ಹೇಳೇ? ಪುಕ್ಕಟೆ ಶಕ್ತಿ ಸಿಕ್ತು, ಬಂದ, ಹೊಡೆದ, ಹೋದ. ಇವನನ್ನ ನೋಡು, ಸೋತು ಸೋತು ವಾರವಾರ ಹೊಸ ಯಂತ್ರ ಕಟ್ತಾನೆ. ದುಡಿಯೋನು ಅಂದ್ರೆ ಇವನು!” ಅತ್ತೆ ಸೊಸೆ ಸೋಫಾದ ಎರಡು ತುದಿಯಲ್ಲಿ ಕೂತು ಕಿತ್ತಾಡುತ್ತಿದ್ದರೆ, ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವ ಗಂಡ ಇಬ್ಬರ ನಡುವೆ ತಲೆ ಹಿಂದಕ್ಕೆ ಚೆಲ್ಲಿ ಗೊರಕೆ ಹೊಡೆಯುತ್ತಾನೆ.

ಆದರೆ ಗೋಂದಕ್ಕನ ಈ ಎಲ್ಲ ಅಭಿಪ್ರಾಯಗಳಿಗೂ ತಾಯಿಬೇರು ಒಂದೇ. ಅದು ಅಭ್ರಕ. ಇಪ್ಪತ್ತೇಳು ವರ್ಷದ ಹಿಂದೆ ತಿಂಗಳಿಗೊಂದರಂತೆ ಹನ್ನೆರಡು ಸಂಚಿಕೆ ಬಂದು ನಿಂತುಹೋದ ಕಾಮಿಕ್ಸು. ಗಣಿಯಲ್ಲಿ ದುಡಿಯುತ್ತಿದ್ದ ಒಬ್ಬನ ಚರ್ಮ ಅಭ್ರಕದ ಹಾಗೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಬೆಂಕಿ ಸುಡುವುದಿಲ್ಲ, ಗುಂಡು ತೂರುವುದಿಲ್ಲ, ಹತ್ತು ಆಳಿನ ಬಲ ಬರುತ್ತದೆ, ಮೈ ಫಳಫಳ ಹೊಳೆಯುತ್ತದೆ. ಅವನಿಗೆ ಬೆನ್ನಿಗೆ ಹಾರಾಡುವ ಬಟ್ಟೆಯಿಲ್ಲ, ಮುಖಕ್ಕೆ ಮುಖವಾಡವಿಲ್ಲ, ಗಣಿಯ ಷರಟು ಪ್ಯಾಂಟೇ ವೇಷ. ಗೋಂದಕ್ಕ ಮನಸೋತದ್ದು ಆಶ್ಚರ್ಯವಲ್ಲ.

ಗ್ರಂಥಾಲಯದಲ್ಲಿ ಒಂದು ಪದ್ಧತಿ ಇತ್ತು. ಕಾಮಿಕ್ಸನ್ನು ಬಿಡಿಯಾಗಿ ಓದುಗರ ಕೈಗೆ ಕೊಟ್ಟರೆ ವಾರದೊಳಗೆ ಚಿಂದಿಯಾಗುತ್ತದೆ, ಇಲ್ಲವೇ ಯಾರದೋ ಅಂಗಿಯೊಳಗೆ ಸೇರಿ ಮಾಯವಾಗುತ್ತದೆ. ಹಾಗಾಗಿ ವರ್ಷವಿಡೀ ಬಂದದ್ದನ್ನು ಕಟ್ಟಿಟ್ಟು, ಹನ್ನೆರಡೂ ಕೂಡಿದ ಮೇಲೆ ಒಂದೇ ಸಂಪುಟವಾಗಿ ಹೊಲಿದು, ರಟ್ಟು ಹಾಕಿಯೇ ಕಪಾಟಿಗೆ ಬಿಡುತ್ತಿದ್ದರು. ಬೇರೆ ಕಡೆಯವರು ತಿಂಗಳು ತಿಂಗಳು ಕಾದು ಓದಿದ ಅಭ್ರಕನನ್ನು ಈ ಊರು ಮೊದಲ ಸಲ ಓದಿದ್ದೇ ಗೋಂದಕ್ಕನ ಹೊಲಿಗೆಯಲ್ಲಿ. ಆಮೇಲೆ ಪ್ರಕಟಿಸಿದ ಕಂಪನಿಯೂ ಬಾಗಿಲು ಹಾಕಿತು. ಊರಿನ ಪಾಲಿಗೆ ಉಳಿದದ್ದು ಕಪ್ಪು ಬಟ್ಟೆಯ ಬೆನ್ನಿನ ಆ ಒಂದೇ ಒಂದು ಸಂಪುಟ.

ಅದರ ಒಂಬತ್ತನೆಯ ಕತೆಯಲ್ಲಿ ಅಭ್ರಕನ ಪದರಗಳೆಲ್ಲ ಉದುರಿ ಶಕ್ತಿ ಹೋಗುತ್ತದೆ. ನಮ್ಮ ನಿಮ್ಮಂಥ ಮನುಷ್ಯನಾಗುತ್ತಾನೆ. ಅದರ ಮುಂದಿನ ಕತೆಯಲ್ಲಿ ಬಟ್ಟೆಯ ಗೋದಾಮಿಗೆ ಬೆಂಕಿ ಬೀಳುತ್ತದೆ, ಷಟರ್ ಕಚ್ಚಿಕೊಂಡಿದೆ, ಒಳಗೆ ಇಪ್ಪತ್ತೊಂದು ಜನ ಹೆಂಗಸರು. ಅಭ್ರಕ ಓಡಿ ಬರುತ್ತಾನೆ. ಮೈಯಲ್ಲಿ ಹೊಳಪಿಲ್ಲ, ಹಣೆಯ ತುಂಬ ಬೆವರು. ಎರಡೂ ಕೈ ಷಟರ್ ಅಡಿಗೆ ತೂರಿಸಿ, ಹಲ್ಲು ಕಚ್ಚಿ ಎತ್ತುತ್ತಾನೆ. ಇಪ್ಪತ್ತೊಂದು ಜನರೂ ಹೊರಗೆ! ಶಕ್ತಿ ಇಲ್ಲದವನು, ಬರಿಗೈಯಲ್ಲಿ! ಗೋಂದಕ್ಕ ಈ ಕತೆಯನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ, ಪ್ರತಿ ಸಲವೂ ಆಕೆಗೆ ಮೈ ಜುಮ್ ಎನ್ನುತ್ತದೆ. “ಶಕ್ತಿ ಇದ್ದಾಗ ಕ್ರೇನೂ ಎತ್ತುತ್ತೆ ಕಣ್ರೋ. ಶಕ್ತಿ ಹೋದ ಮೇಲೆ ಎತ್ತಿದ್ನಲ್ಲ, ಅವನು ಹೀರೋ.”

ಈ ಮಾತನ್ನು ಊರು ನಂಬಿತು. ಪ್ರತಿ ತಿಂಗಳ ಕೊನೆಯ ಭಾನುವಾರ ಗ್ರಂಥಾಲಯದ ಓದುವ ಕೋಣೆಯಲ್ಲಿ ಸೇರುವ ಅಭಿಮಾನಿ ಬಳಗದಲ್ಲಿ ಈಗ ನಲವತ್ತು ಜನರಿದ್ದಾರೆ. ಅವರ ಮುಂದಾಳು ಅಗ್ನಿಶಾಮಕ ದಳದ ಒಬ್ಬ ಧಡೂತಿ ಆಳು, ಎಲ್ಲರ ಬಾಯಲ್ಲೂ ಫೈರಣ್ಣ. ಹನ್ನೊಂದನೆಯ ವಯಸ್ಸಿಗೆ ಆ ಸಂಪುಟ ಹಿಡಿದವನು ಅದನ್ನು ಹದಿನಾರು ಸಲ ಎರವಲು ಒಯ್ದಿದ್ದಾನೆ. ಗೋಂದಕ್ಕ ಅವನಿಗೆ ಗುರು, ಅಕ್ಕ, ಕೊನೆಯ ತೀರ್ಪು ಎಲ್ಲವೂ.

ಇಂಥ ಊರಿಗೆ ಹೋದ ತಿಂಗಳು ಅಭ್ರಕ ಸಿನಿಮಾ ಆಗಿ ಬಂತು! ಗೋಂದಕ್ಕನ ಸಂಭ್ರಮ ಏನು ಕೇಳುತ್ತೀರಿ. ವಾರದ ಮುಂಚೆಯೇ ಊಟ ಸೇರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ರಜೆ ಹಾಕಿದಳು. ಮೊದಲ ದಿನದ ಬೆಳಗಿನ ಆಟಕ್ಕೆ ಬಳಗಕ್ಕೆ ಬಳಗವೇ ಹೊರಟಿತು. ಖಳನಾಯಕ ಹೇಗಿದ್ದಾನೆ ನೋಡಬೇಕು ಎಂದು ಅತ್ತೆಯೂ ಕೋಲು ಹಿಡಿದು ಹೊರಟರು. ಪರದೆಯ ಮೇಲೆ ಗಣಿಯ ಷರಟು ತೊಟ್ಟ ಅಭ್ರಕ ಕಾಣಿಸಿದ್ದೇ ತಡ, ಐವತ್ತೈದರ ಗೋಂದಕ್ಕ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದಳು. ಬೆನ್ನಿಗೆ ಬಟ್ಟೆ ಇಲ್ಲ! ಸಾಕಷ್ಟು ಬೆಳಕೂ ಇದೆ! ಗಂಡನ ತೋಳು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಅವನಿಗೆ ನಿದ್ದೆ ಮಾಡಲೂ ಬಿಡಲಿಲ್ಲ.

ಆಮೇಲೆ ಬಂತು ಗೋದಾಮಿನ ದೃಶ್ಯ. ಅಭ್ರಕ ಕನ್ನಡಿಯ ಹಾಗೆ ಮಿನುಗುತ್ತ ಬಂದ. ಎರಡು ಬೆರಳಿನಲ್ಲಿ ಷಟರನ್ನು ಚಿಮ್ಮಿದ, ಅದು ತರಗೆಲೆಯ ಹಾಗೆ ಹಾರಿತು. ಶಕ್ತಿ ಹೋಗುವುದು ಅದಾದ ಮೇಲೆ ಯಾವಾಗಲೋ! “ಏನ್ರೀ ಇದು ಅನ್ಯಾಯ!” ಎಂದು ಫೈರಣ್ಣ ಎದ್ದು ನಿಂತ. ಹಿಂದಿನವರು ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಕೂಗಿದರು. ಗೋಂದಕ್ಕನಂತೂ ಅವಮಾನವಾದವಳ ಹಾಗೆ ಕೆಂಪಾಗಿ ಕೂತಿದ್ದಳು. ಖುಷಿಪಟ್ಟವರು ಅತ್ತೆ ಒಬ್ಬರೇ. ಖಳನಾಯಕ ತುಂಬ ಚೆನ್ನಾಗಿ ಮಾತಾಡುತ್ತಿದ್ದನಂತೆ.

ಇದನ್ನು ಸುಮ್ಮನೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಸಿನಿಮಾದವರಿಗೆ ಒಂದು ಪತ್ರ ಬರೆಯುವುದು, ಪತ್ರಿಕೆಗಳಿಗೂ ಕಳಿಸುವುದು, ಭಾನುವಾರದ ಸಭೆಯಲ್ಲಿ ಎಲ್ಲರೂ ಸಹಿ ಹಾಕುವುದು ಎಂದು ತೀರ್ಮಾನವಾಯಿತು. ಒಕ್ಕಣೆ ಗೋಂದಕ್ಕನದೇ: ‘ಮೂಲ ಕತೆಯನ್ನು ಒಮ್ಮೆ ನೆಟ್ಟಗೆ ಓದುವಷ್ಟು ವ್ಯವಧಾನವೂ ತಮಗಿಲ್ಲವೇ? ಪುರಾವೆಯಾಗಿ ಸಂಪುಟದ ಪುಟಗಳನ್ನು ಲಗತ್ತಿಸಿದ್ದೇವೆ.’ ಪುಟಗಳ ಫೋಟೋ ತೆಗೆಯಲು ಲೈಬ್ರರಿಯನ್ ಮೇಡಂ ಒಪ್ಪಿಗೆ ಕೊಟ್ಟರು.

ಶನಿವಾರ ಮಧ್ಯಾಹ್ನ ಗೋಂದಕ್ಕ ಸಂಪುಟವನ್ನು ತನ್ನ ಮೇಜಿನ ಮೇಲೆ, ಷಟರ್ ಕತೆಯ ಹತ್ತಿರ, ಬಿಡಿಸಿದಳು. ಹೊಲಿಗೆ ಬಿಗಿ, ಫೋಟೋಕ್ಕೆ ಹಾಳೆ ಚಪ್ಪಟೆಯಾಗಿ ಕೂರಲೊಲ್ಲದು. ಹಾಳೆ ಮಡಚುವ ಮೂಳೆಯ ಪಟ್ಟಿಯಿಂದ ಎರಡು ಪುಟದ ನಡುವಿನ ಸಂದನ್ನು ಮೆಲ್ಲಗೆ ಒತ್ತುತ್ತ ಬಂದಳು. ದಾರದ ಮಗ್ಗುಲಲ್ಲಿ, ಸಂದಿನ ಆಳದಲ್ಲಿ, ಇರುವೆಯಷ್ಟು ಸಣ್ಣ ಅಚ್ಚಿನಲ್ಲಿ ಏನೋ ಕಂಡಿತು. ಕನ್ನಡಕ ಏರಿಸಿ ನೋಡಿದಳು. ಸಂಚಿಕೆ ಒಂಬತ್ತು ಎಂದಿತ್ತು.

ಷಟರ್ ಕತೆ ಹತ್ತನೆಯದಲ್ಲವೇ? ಹಿಂದಿನದನ್ನು, ಶಕ್ತಿ ಹೋಗುವ ಕತೆಯನ್ನು, ಬಿಡಿಸಿ ಒತ್ತಿದಳು. ಅಲ್ಲಿ ಹತ್ತು ಎಂದಿತ್ತು.

ಸಿನಿಮಾದವರು ಸರಿಯಾಗಿಯೇ ಓದಿದ್ದರು. ತಪ್ಪಾಗಿ ಹೊಲಿದವಳು ತಾನು.

ಆಗ ಆ ಇಪ್ಪತ್ತೇಳು ವರ್ಷದ ಹಿಂದಿನ ದಿನ ಕಣ್ಣಿಗೆ ಕಟ್ಟಿದಂತೆ ಬಂತು. ಕವರು ನುಣುಪು ಕಾಗದದ್ದು, ಗೋಂದು ಹಿಡಿಯುವುದಿಲ್ಲ. ಅದಕ್ಕೇ ಹೊಲಿಯುವ ಮೊದಲು ಕವರೆಲ್ಲ ಕಿತ್ತು ತೆಗೆಯುವುದು ಬೈಂಡರುಗಳ ರೂಢಿ. ಸಂಚಿಕೆಯ ಸಂಖ್ಯೆ ದೊಡ್ಡದಾಗಿ ಇದ್ದದ್ದು ಕವರಿನ ಮೇಲೆ. ಪುಟಸಂಖ್ಯೆಯೋ, ಪ್ರತಿ ಸಂಚಿಕೆಯಲ್ಲೂ ಮತ್ತೆ ಒಂದರಿಂದ ಶುರು. ಕವರು ಹೋದ ಮೇಲೆ ಜೋಡಿಸಿಟ್ಟ ರಾಶಿಯ ಕ್ರಮವೇ ಕ್ರಮ, ಅದನ್ನು ಮುಟ್ಟಬಾರದು. ಕೈಯಲ್ಲಿ ಕೆಲಸ ಇರುವಾಗ ಓದಬೇಡ ಎಂದು ಕೆಲಸ ಕಲಿಸಿದ ಹಿರಿಯರು ಸಾವಿರ ಸಲ ಹೇಳಿದ್ದರು. ಇವಳು ಕೇಳಬೇಕಲ್ಲ! ರಾಶಿಯ ನಡುವಿನಿಂದ ಇಣುಕುತ್ತಿದ್ದ ಬೆಂಕಿಯ ಚಿತ್ರ ಕಂಡು ತಡೆಯಲಾರದೆ ಆ ಒಂದು ಸಂಚಿಕೆಯನ್ನು ಎಳೆದು, ಕಿಟಕಿಯ ಹತ್ತಿರ ನಿಂತೇ ಓದಿ ಮುಗಿಸಿ, ಉಸಿರು ಬಿಗಿಹಿಡಿದುಕೊಂಡು ವಾಪಸು ತೂರಿಸಿದ್ದಳು. ಒಂದು ಸಂಚಿಕೆ ಕೆಳಗೆ. ಅಷ್ಟೆ.

ಈಗ ನೋಡಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತಿತ್ತು. ಹಣೆಯ ಬೆವರು ಬೆಂಕಿಯ ಝಳಕ್ಕೆ. ಮೈಯಲ್ಲಿ ಹೊಳಪಿಲ್ಲದ್ದು ಹೊಗೆಗೆ. ಆ ಪುಟಗಳಲ್ಲಿ ಗೋಡೆಯೂ ಬೂದಿ ಬಣ್ಣ, ಹೆಂಗಸರೂ ಬೂದಿ ಬಣ್ಣ. ಅಭ್ರಕನಿಗೆ ಶಕ್ತಿ ಪೂರ್ತಿ ಇತ್ತು. ಹತ್ತು ಆಳಿನ ಬಲ ಇದ್ದವನು ಒಂದು ಷಟರ್ ಎತ್ತಿದ್ದ.

ಗೋಂದಕ್ಕನಿಗೆ ಅಳುವೇ ಬಂತು. ತನ್ನ ಹೆಸರು ಮಣ್ಣುಪಾಲಾಗುವುದು ಒಂದು ಕಡೆ ಇರಲಿ, ಆಕೆಗೆ ನೆನಪಾದದ್ದು ಫೈರಣ್ಣ. ಆರು ವರ್ಷದ ಹಿಂದೆ ಪೇಂಟ್ ಅಂಗಡಿಗೆ ಬೆಂಕಿ ಬಿದ್ದು, ಷಟರ್ ಅರ್ಧಕ್ಕೆ ಸಿಕ್ಕಿಕೊಂಡು, ಒಳಗೆ ನಾಲ್ಕು ಜನ ಉಳಿದಿದ್ದಾಗ, ಕತ್ತರಿಸುವ ಯಂತ್ರ ಬರುವವರೆಗೆ ಕಾಯದೆ ಕೈ ಹಾಕಿದವನು ಅವನು. ನಾಲ್ವರೂ ಬದುಕಿದರು. ಅವನ ಅಂಗೈಯಲ್ಲಿ ಈಗಲೂ ಆ ಬರೆ ಇದೆ. ಧೈರ್ಯ ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: “ಅಭ್ರಕ ಎತ್ತಿದ್ನಲ್ಲ, ಅವನಿಗೂ ಆಗ ಶಕ್ತಿ ಇರ್ಲಿಲ್ಲ.” ನಾಳೆಯೂ ಎಲ್ಲಾದರೂ ಬೆಂಕಿ ಬೀಳುತ್ತದೆ, ಅವನು ಹೋಗಲೇಬೇಕು. ಸತ್ಯ ಹೇಳಿದರೆ ಅವನ ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗಲ್ಲವೇ?

ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಬಾಯಿಬಿಟ್ಟಳು. ಅತ್ತೆ ಟಿವಿಯ ಸದ್ದು ತಗ್ಗಿಸಿದರು, ಅದೇ ದೊಡ್ಡ ವಿಷಯ.

“ಯಾರಿಗೆ ಗೊತ್ತು ಇದು?”

“ನನಗೆ. ಈಗ ನಿಮಗೆ.”

“ಬಾಯಿ ಮುಚ್ಕೊಂಡಿರು. ಇಪ್ಪತ್ತೇಳು ವರ್ಷ ಯಾರ ಕಣ್ಣಿಗೂ ಬೀಳದ್ದು ನಾಳೆ ಯಾಕೆ ಬೀಳುತ್ತೆ?”

“ಪತ್ರ ಹೋಗುತ್ತಲ್ಲ ಅತ್ತೆ. ಓದೋಕೆ ಬರಲ್ವಾ ಅಂತ ಅವರನ್ನ ಬೈದಿದೀನಿ. ಅಲ್ಲಿ ಯಾರ ಹತ್ರಾನೋ ಬಿಡಿ ಸಂಚಿಕೆ ಇದ್ದೇ ಇರುತ್ತೆ. ಪೇಪರಿನಲ್ಲಿ ಹಾಕಿ ನಲವತ್ತು ಜನರನ್ನೂ ನಗೆಪಾಟಲು ಮಾಡ್ತಾರೆ. ಫೈರಣ್ಣ ಅದನ್ನ ಪೇಪರಿನಲ್ಲಿ ಓದ್ಬೇಕಾ?”

ಅತ್ತೆ ರಿಮೋಟು ಕೈಗೆ ತೆಗೆದುಕೊಂಡರು. “ಹಾಗಾದ್ರೆ ನೀನೇ ಹೇಳು. ಹೇಳೋವಾಗ ಅಳಬೇಡ, ಮಾತು ಅರ್ಥ ಆಗಲ್ಲ ನಿಂದು” ಎಂದು ಟಿವಿಯ ಸದ್ದು ಮತ್ತೆ ಏರಿಸಿದರು.

ಭಾನುವಾರ ಓದುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳಗದವರಲ್ಲದೆ ಸಿನಿಮಾ ನೋಡಿ ಸಿಟ್ಟಾದವರು, ಬರೀ ಗಲಾಟೆ ನೋಡಲು ಬಂದವರು, ಎಲ್ಲ ಸೇರಿ ಎಪ್ಪತ್ತು ಜನ. ಒಬ್ಬ ಸಿನಿಮಾ ಸಂಗೀತವನ್ನು ಹೊಗಳಿದ್ದಕ್ಕೆ ಇನ್ನೊಬ್ಬ ಅವನ ಕಾಲರ್ ಹಿಡಿಯುವುದರಲ್ಲಿದ್ದ. ಫೈರಣ್ಣ ಸಮವಸ್ತ್ರದಲ್ಲೇ ಬಂದಿದ್ದ. ಅವನು ಪತ್ರವನ್ನು ಎತ್ತಿ ಓದಿದಾಗ ‘ವ್ಯವಧಾನವೂ ತಮಗಿಲ್ಲವೇ’ ಎಂಬಲ್ಲಿ ಭರ್ಜರಿ ಚಪ್ಪಾಳೆ ಬಿತ್ತು. ಸಹಿಗೆಂದು ಪೆನ್ನು ತೆಗೆದು, “ಮೊದಲು ಅಕ್ಕ ಹಾಕ್ಲಿ” ಎಂದ.

ಗೋಂದಕ್ಕ ಸಂಪುಟವನ್ನು ಎದೆಗೆ ಒತ್ತಿಕೊಂಡು ಎದ್ದಳು.

“ನಾನು ಹಾಕಲ್ಲಪ್ಪ. ನೀವೂ ಹಾಕಬೇಡಿ. ಸಿನಿಮಾದೋರದ್ದು ತಪ್ಪಿಲ್ಲ. ತಪ್ಪು ನಂದು.”

ಆಕೆ ಕವರು ಕಿತ್ತದ್ದು, ಕಿಟಕಿಯ ಹತ್ತಿರ ಓದಿದ್ದು, ಒಂದು ಸಂಚಿಕೆ ಕೆಳಗೆ ತೂರಿಸಿದ್ದು, ಒಂದನ್ನೂ ಮುಚ್ಚಿಡದೆ ಹೇಳಿದಳು. ಅಳಲಿಲ್ಲ. ಸಂಪುಟವನ್ನು ಮೇಜಿನ ಮೇಲೆ ಬಿಡಿಸಿ, ಮೂಳೆಯ ಪಟ್ಟಿಯಿಂದ ಸಂದನ್ನು ಒತ್ತಿ ಹಿಡಿದು, ಬಂದು ನೋಡಿ ಎಂದಳು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಇಣುಕಿ ನೋಡಿದವರೆಲ್ಲ ಪಕ್ಕಕ್ಕೆ ಸರಿದರು. ಕೊನೆಗೆ ಫೈರಣ್ಣ ಬಂದ. ತುಂಬ ಹೊತ್ತು ಬಗ್ಗಿಯೇ ಇದ್ದ.

“ಹಣೆ ಮೇಲಿನ ಬೆವರು ಅಕ್ಕಾ?”

“ಬೆಂಕಿ ಝಳಕ್ಕೆ ಕಣಪ್ಪ.”

“ಮೈ ಹೊಳೀತಿರ್ಲಿಲ್ವಲ್ಲ?”

“ಹೊಗೆ. ಎಲ್ಲಾನೂ ಬೂದಿ ಬಣ್ಣ ಇದೆ ನೋಡು. ನಾವು ನೋಡ್ಲಿಲ್ಲ.”

“ಅಂದ್ರೆ ಅವನಿಗೆ ಶಕ್ತಿ ಇತ್ತು.”

“ಇತ್ತು. ಒಂದು ಪದರಾನೂ ಹೋಗಿರ್ಲಿಲ್ಲ.” ಗೋಂದಕ್ಕ ಸಂಪುಟ ಮುಚ್ಚಿದಳು. “ಸುಳ್ಳು ಹೇಳಿ ನಿನ್ನನ್ನ ಬೆಂಕಿಗೆ ನುಗ್ಗಿಸಿಬಿಟ್ಟೆ ನಾನು. ಬೇಕಂತ ಮಾಡಿದ್ದಲ್ಲಪ್ಪ. ಹೊಟ್ಟೆಗೆ ಹಾಕ್ಕೋ.”

ಫೈರಣ್ಣ ಹತ್ತಿರದ ಬೆಂಚಿನ ಮೇಲೆ ಧೊಪ್ಪನೆ ಕೂತ. ಅಂಗೈ ಎರಡನ್ನೂ ಮುಂದೆ ಹಿಡಿದು ನೋಡಿಕೊಂಡ. ಅವನು ಎದ್ದು ಹೊರಗೆ ನಡೆದುಬಿಡುತ್ತಾನೆ, ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು ಗೋಂದಕ್ಕ. ಅವನ ಹಣೆ ಗಂಟಾಗಿತ್ತು, ಮನಸ್ಸಿನಲ್ಲೇ ಏನನ್ನೋ ಕೂಡಿ ಕಳೆಯುವವನ ಹಾಗೆ ತುಟಿ ಅಲ್ಲಾಡುತ್ತಿತ್ತು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿದ. ಕಣ್ಣು ಫಳಫಳ ಎನ್ನುತ್ತಿತ್ತು.

“ಅಕ್ಕಾ, ಒಂದ್ನಿಮಿಷ. ಅವನಿಗೆ ಶಕ್ತಿ ಇತ್ತು ಅಂದ್ರಲ್ಲ?”

“ಹೂಂ.”

“ನನಗೆ ಇರ್ಲಿಲ್ಲ ಅಲ್ವಾ?”

“ನಿನಗೆಲ್ಲಿಂದ ಬರ್ಬೇಕು!”

“ಹಾಗಾದ್ರೆ ಶಕ್ತಿ ಇಲ್ದೆ ಷಟರ್ ಎತ್ತಿದೋನು...” ಅವನ ದನಿ ಒಡೆಯಿತು, “ನಾನೊಬ್ನೇನಾ?”

ಗೋಂದಕ್ಕ ಮೂಳೆಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು.

“ಹೌದು ಕಣಪ್ಪ. ನೀನೊಬ್ಬನೇ.”